ಕಂಡದ್ದೂ ಕೇಳಿದ್ದೂ: ಅಪರಾಧ ವಿಚಾರಣೆಯ ಕ್ರಮವೂ ತನಿಖೆಯ ಉದ್ಯೋಗವೂ

ಲೋಕದಲ್ಲಿ ನ್ಯಾಯವು ಎಲ್ಲರಿಗೂ ಬೇಕಾದ ವಸ್ತು. ಆದರೆ ಆ ನ್ಯಾಯವು ನಡೆದು ಬರುವ ದಾರಿಯನ್ನು ಬಲ್ಲವರು ವಿರಳ. ಸುಶಿಕ್ಷಿತರಾದ ಗೃಹಸ್ಥರು ಕೂಡ ಠಾಣೆ, ಪಂಚನಾಮೆ, ಕಟಕಟೆ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ‘ನಮಗೇಕೆ ಆ ಗೊಡವೆ’ ಎಂದು ಮುಖ ತಿರುಗಿಸುವುದನ್ನು ನಾವು ಕಂಡಿದ್ದೇವೆ. ಅದೇ ಮನೆಯ ಮಕ್ಕಳು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಪರೀಕ್ಷೆಗಾಗಿ ರಾತ್ರಿಯೆಲ್ಲ ಕುಳಿತು ಓದುತ್ತಿರುವುದನ್ನೂ ಕಂಡಿದ್ದೇವೆ. ಬೀದರ, ಭಾಲ್ಕಿ, ಔರಾದಗಳಲ್ಲಿ ಇಂತಹ ಮನೆಗಳು ಅನೇಕವಿರುತ್ತವೆ. ಹಿರಿಯರು ಯಾವುದಕ್ಕೆ ಅಂಜುತ್ತಾರೋ ಕಿರಿಯರು ಅದನ್ನೇ ಉದ್ಯೋಗವಾಗಿ ಬಯಸುತ್ತಿರುವಾಗ, ಆ ವಿಷಯವನ್ನು ಇಬ್ಬರೂ ಕೂಡಿ ಅರಿತುಕೊಳ್ಳುವುದು ಉಚಿತವೆಂದು ಬಗೆದು ಈ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮುರ್ಕಿಯಲ್ಲಿ ನಡೆದದ್ದು

2018ನೆಯ ಇಸವಿಯ ಜುಲೈ 13ರಂದು ಔರಾದ ಸೀಮೆಯ ಮುರ್ಕಿ ಎಂಬ ಗ್ರಾಮದಲ್ಲಿ ನಡೆದ ಘೋರ ಸಂಗತಿಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಹೈದರಾಬಾದಿನಿಂದ ಕೆಲವರು ಗೆಳೆಯರು ತಮ್ಮ ಪರಿಚಿತರೊಬ್ಬರ ಊರಿಗೆ ಮೋಟಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಅವರು ಅಕ್ಕರೆಯಿಂದ ಚಾಕೊಲೇಟು ಹಂಚಿದರು. ಮಕ್ಕಳ ಕಳ್ಳರು ಊರೂರು ತಿರುಗುತ್ತಿದ್ದಾರೆಂಬ ಸುಳ್ಳು ವದಂತಿಯು ಆಗ ದೇಶದ ಅನೇಕ ಕಡೆಗಳಲ್ಲಿ ವಾಟ್ಸಾಪಿನ ಮೂಲಕ ಹಬ್ಬಿತ್ತು. ಈ ಅಪರಿಚಿತರೇ ಆ ಕಳ್ಳರೆಂದು ಯಾರೋ ಎಂದರು. ಆ ಮಾತು ಕೈಯಲ್ಲಿನ ಫೋನುಗಳ ಮೂಲಕ ಮೋಟಾರಿಗಿಂತ ಮುಂದಾಗಿ ಓಡಿತು. ಮುರ್ಕಿಯಲ್ಲಿ ಜನರು ರಸ್ತೆಗೆ ಅಡ್ಡಗಟ್ಟಿದರು, ವಾಹನವು ಉರುಳಿತು, ನೂರಾರು ಮಂದಿ ಮುತ್ತಿ ಹೊಡೆದರು. ಬಿಡಿಸಹೋದ ಪೊಲೀಸರೂ ಪೆಟ್ಟು ತಿಂದರು. ಮೂವತ್ತೆರಡು ವರ್ಷದ ಒಬ್ಬ ತರುಣನು ಪ್ರಾಣ ಬಿಟ್ಟನು. ಅವನ ಸಂಗಡಿಗರು ತೀವ್ರವಾಗಿ ಗಾಯಗೊಂಡರು. ಕಳವಾದ ಮಗು ಯಾವುದೆಂದು ಕೇಳಿದರೆ, ಅಂತಹ ಮಗುವೇ ಇರಲಿಲ್ಲ!

ಹೊಡೆದವರಲ್ಲಿ ಒಬ್ಬನಾದರೂ ‘ಮಗುವನ್ನು ಕದ್ದುದನ್ನು ನಾನು ಕಣ್ಣಾರೆ ಕಂಡೆ’ ಎಂದು ಹೇಳಬಲ್ಲವನಾಗಿದ್ದನೆ? ಇಲ್ಲ. ಎಲ್ಲರೂ ಕೇಳಿದವರೇ. ಅಲ್ಲಿ ಫಿರ್ಯಾದಿಯಿರಲಿಲ್ಲ, ತನಿಖೆಯಿರಲಿಲ್ಲ, ಉತ್ತರ ಹೇಳಲು ಅವಕಾಶವಿರಲಿಲ್ಲ. ತೀರ್ಪು ಮಾತ್ರ ಇತ್ತು. ಇದಾದ ನಾಲ್ಕು ದಿನಗಳಿಗೆ, ಜುಲೈ 17ರಂದು, ದಿಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಂತಹ ಗುಂಪು ಹತ್ಯೆಗಳ ವಿಷಯವಾಗಿ ಮೊದಲೇ ತನ್ನ ಮುಂದಿದ್ದ ಮೊಕದ್ದಮೆಯಲ್ಲಿ ತೀರ್ಪಿತ್ತು, ಪ್ರತಿಯೊಂದು ಜಿಲ್ಲೆಯಲ್ಲಿಯೂ ಇವನ್ನು ತಡೆಯಲು ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬನು ಹೊಣೆಗಾರನಾಗಿರಬೇಕೆಂದು ವಿಧಿಸಿತು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯವರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಸಾಗಿಸದಂತೆ ಭಾರತದಲ್ಲಿ ಮಿತಿ ಹಾಕುವುದಾಗಿ ಸಾರಿದರು. ಇಂದಿನ ದಂಡಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನರು ಕೂಡಿ ಜಾತಿ, ಭಾಷೆ, ಹುಟ್ಟಿದ ಊರು ಮೊದಲಾದ ಕಾರಣಗಳಿಂದ ಮಾಡುವ ಕೊಲೆಗೆ ಪ್ರತ್ಯೇಕ ಉಪವಿಧಿಯೇ ಇದೆ, ಮರಣದಂಡನೆಯವರೆಗೂ ಶಿಕ್ಷೆಯಾಗಬಹುದು. ಇವೆಲ್ಲವೂ ಒಳ್ಳೆಯದೇ. ಆದರೆ ವಿಚಾರಣೆಯ ಕ್ರಮವೆಂಬುದು ಏತಕ್ಕಾಗಿ ಹುಟ್ಟಿತೆಂಬುದನ್ನು ಮನೆಮನೆಯಲ್ಲಿ ಅರಿತಿದ್ದರೆ ಆ ತರುಣನು ಇಂದು ಬದುಕಿರುತ್ತಿದ್ದನೆಂದು ನಮಗೆ ತೋರುತ್ತದೆ.

ವ್ಯವಹಾರದ ನಾಲ್ಕು ಪಾದಗಳು

ವಿಚಾರಣೆಯ ಕ್ರಮವು ಪರದೇಶದಿಂದ ಬಂದ ಹೊಸ ವಸ್ತುವೆಂದು ಕೆಲವರು ತಿಳಿದಿದ್ದಾರೆ. ಅವರು ನಮ್ಮ ಜಿಲ್ಲೆಯಲ್ಲಿಯೇ ಇರುವ ಬಸವಕಲ್ಯಾಣವನ್ನು ನೆನೆಯತಕ್ಕದ್ದು. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಲ್ಲಿ ಆಳುತ್ತಿದ್ದಾಗ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹಿಂದೂ ಕುಟುಂಬಗಳ ಆಸ್ತಿಯ ಹಂಚಿಕೆಯಲ್ಲಿ ದೇಶದ ಬಹುಭಾಗವು ಶತಮಾನಗಳ ಕಾಲ ಆ ಗ್ರಂಥವನ್ನೇ ಆಧಾರವಾಗಿ ಹಿಡಿಯಿತೆಂಬುದನ್ನು ವಾಚಕರು ಕೇಳಿರಬಹುದು. ಅದರ ವ್ಯವಹಾರಾಧ್ಯಾಯದಲ್ಲಿ ವ್ಯಾಜ್ಯಕ್ಕೆ ನಾಲ್ಕು ಪಾದಗಳನ್ನು ಹೇಳಿದೆ: ವಾದಿಯು ತನ್ನ ದೂರನ್ನು ಹೇಳಿ ಬರೆಯಿಸುವ ಭಾಷಾಪಾದ, ಪ್ರತಿವಾದಿಯು ಉತ್ತರ ಕೊಡುವ ಉತ್ತರಪಾದ, ಪ್ರಮಾಣಗಳನ್ನು ತಂದಿಡುವ ಕ್ರಿಯಾಪಾದ, ಕೊನೆಗೆ ನಿರ್ಣಯವಾಗುವ ಸಾಧ್ಯಸಿದ್ಧಿಪಾದ. ಮೂರು ಪಾದಗಳನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರುವ ಅಧಿಕಾರವು ಯಾರಿಗೂ ಇಲ್ಲ. ಮುರ್ಕಿಯಲ್ಲಿ ಹಾಗೆ ಹಾರಲಾಯಿತು.

ಪ್ರಮಾಣಗಳೊಳಗೆ ಬರಹ, ಅನುಭೋಗ, ಸಾಕ್ಷಿ ಎಂದು ಮೂರನ್ನು ಎಣಿಸಿದ್ದಾರೆ. ‘ಸಾಕ್ಷಿ’ ಎಂಬ ಶಬ್ದವನ್ನು ನಾವು ದಿನವೂ ಆಡುತ್ತೇವೆ. ಅದರ ಹುಟ್ಟನ್ನು ಮಾತ್ರ ಯೋಚಿಸುವುದಿಲ್ಲ. ನೇರವಾಗಿ, ಪ್ರತ್ಯಕ್ಷವಾಗಿ ಕಂಡವನು ಎಂಬ ಅರ್ಥದಲ್ಲಿ ಪಾಣಿನಿಯು ಆ ಶಬ್ದವನ್ನು ಸಾಧಿಸಿದ್ದಾನೆ. ಈಗಿನ ಸಾಕ್ಷ್ಯದ ಕಾನೂನಿನ ಮಾತೂ ಅದೇ: ಕಂಡ ಸಂಗತಿಯನ್ನು ಕಂಡವನೇ, ಕೇಳಿದ ಮಾತನ್ನು ತಾನೇ ಕಿವಿಯಾರೆ ಕೇಳಿದವನೇ ಬಂದು ಹೇಳಬೇಕು, ಮತ್ತೊಬ್ಬನು ಕಂಡನಂತೆ ಎಂಬ ‘ಅಂತೆ’ಯ ಮಾತಿಗೆ ಸಾಮಾನ್ಯವಾಗಿ ಅಲ್ಲಿ ಸ್ಥಾನವಿಲ್ಲ. ಪಾಣಿನಿಯ ವ್ಯಾಕರಣವೂ ಇಂದಿನ ನ್ಯಾಯಾಲಯವೂ ಈ ಒಂದು ವಿಷಯದಲ್ಲಿ ಕೈಕೂಡಿಸಿರುವುದು ನಮಗೆ ಸಂತೋಷದ ಸಂಗತಿ.

ಇನ್ನು ನಮ್ಮ ಸೀಮೆಯ ಇತ್ತೀಚಿನ ಇತಿಹಾಸ. ಬೀದರವು 1948ರ ಸೆಪ್ಟೆಂಬರಿನವರೆಗೂ ನಿಜಾಮರ ಆಳಿಕೆಯಲ್ಲಿದ್ದಿತು. ಕಚೇರಿಯ ಭಾಷೆ ಉರ್ದುವಾಗಿತ್ತು. ಫಿರ್ಯಾದಿ, ಪಂಚನಾಮೆ, ಜಪ್ತಿ, ಜಾಮೀನು, ಮುಚ್ಚಳಿಕೆ, ವಕೀಲ ಎಂಬ ಶಬ್ದಗಳು ಇಂದಿಗೂ ಕನ್ನಡದವೇ ಎಂಬಂತೆ ನಮ್ಮ ನಾಲಗೆಯ ಮೇಲಿವೆ. 1951ರ ಏಪ್ರಿಲ್ 1ರಿಂದ ಭಾರತ ದಂಡಸಂಹಿತೆ ಮೊದಲಾದ ಕಾನೂನುಗಳು ಹೈದರಾಬಾದ್ ರಾಜ್ಯಕ್ಕೆ ಅನ್ವಯಿಸಿದವು. 1860ರ ಆ ದಂಡಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ, 1973ರ ದಂಡ ಪ್ರಕ್ರಿಯಾ ಸಂಹಿತೆ ಈ ಮೂರೂ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನುಗಳು ಜಾರಿಯಲ್ಲಿವೆ. ಮೊದಲನೆಯದು ಯಾವುದು ಅಪರಾಧ, ಅದಕ್ಕೆ ಶಿಕ್ಷೆ ಏನು ಎಂಬುದನ್ನು ಹೇಳುತ್ತದೆ. ಎರಡನೆಯದು ಯಾವುದನ್ನು ರುಜುವಾತೆಂದು ಎಣಿಸಬೇಕೆಂಬುದನ್ನೂ, ಮೂರನೆಯದು ದೂರಿನಿಂದ ತೀರ್ಪಿನವರೆಗಿನ ನಡಾವಳಿಯನ್ನೂ ಹೇಳುತ್ತವೆ.

ಠಾಣೆಯಲ್ಲಿ ದೂರು

ಕೊಲೆ, ಸುಲಿಗೆ, ಕಳವು ಮೊದಲಾದ ಅಪರಾಧಗಳಲ್ಲಿ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರು ತಾವೇ ತನಿಖೆಗೆ ತೊಡಗಬಹುದು. ಇವಕ್ಕೆ ಸಂಜ್ಞೇಯ ಅಪರಾಧಗಳೆಂದು ಹೆಸರು. ಇಂತಹ ಅಪರಾಧದ ಸುದ್ದಿಯನ್ನು ಯಾರು ತಂದರೂ ಠಾಣಾಧಿಕಾರಿಯು ಬರೆದುಕೊಳ್ಳಬೇಕು. ಬಾಯಿಂದ ಹೇಳಿದರೆ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಇದೇ ಪ್ರಥಮ ವರ್ತಮಾನ ವರದಿ. ಜನರ ಬಾಯಲ್ಲಿ ಎಫ್.ಐ.ಆರ್. ಇದರ ಪ್ರತಿಯನ್ನು ದೂರುದಾರನಿಗೆ ಅಥವಾ ನೊಂದವನಿಗೆ ಹಣವಿಲ್ಲದೆ ಕೊಡತಕ್ಕದ್ದು. ಶಿಕ್ಷೆಯು ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದ ಒಳಗಿರುವ ಅಪರಾಧಗಳಲ್ಲಿ ಮಾತ್ರ, ಮೇಲಧಿಕಾರಿಯ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ಠಾಣೆಯಲ್ಲಿ ದೂರನ್ನು ಬರೆದುಕೊಳ್ಳದಿದ್ದರೆ ಅದನ್ನೇ ಬರೆದು ಅಂಚೆಯಲ್ಲಿ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು. ಅಲ್ಲಿಯೂ ಫಲವಾಗದಿದ್ದರೆ ದಂಡಾಧಿಕಾರಿಯ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು.

ಗಡಿಯವರಾದ ನಾವು ವಿಶೇಷವಾಗಿ ಅರಿಯಬೇಕಾದ ಅಂಶವೊಂದಿದೆ. 1956ರಲ್ಲಿ ಹಳೆಯ ಬೀದರ ಜಿಲ್ಲೆಯು ಹಂಚಿಹೋಗಿ, ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೂ ಸೇರಿದವು. ರಾಜ್ಯಗಳು ಬೇರೆಯಾದರೂ ಬೀಗತನ, ವ್ಯಾಪಾರ ನಿಲ್ಲಲಿಲ್ಲ. ಭಾಲ್ಕಿಯ ಹೆಣ್ಣುಮಗಳು ಉದಗೀರದ ಸೊಸೆಯಾಗಿರುತ್ತಾಳೆ. ಔರಾದದ ರೈತನು ದೇಗಲೂರಿನ ಸಂತೆಗೆ ಹೋಗಿರುತ್ತಾನೆ. ಅಲ್ಲಿ ಅವರಿಗೆ ಅನ್ಯಾಯವಾದರೆ ತವರಿನ ಅಥವಾ ತಮ್ಮೂರಿನ ಠಾಣೆಯಲ್ಲಿಯೇ ದೂರು ಬರೆಯಿಸಬಹುದು. ‘ಅದು ನಮ್ಮ ಸರಹದ್ದಲ್ಲ’ ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಬರೆದುಕೊಂಡ ಮೇಲೆ ಸಂಬಂಧಪಟ್ಟ ಠಾಣೆಗೆ ಅವರೇ ಸಾಗಿಸುತ್ತಾರೆ. ಇದಕ್ಕೆ ‘ಜೀರೋ ಎಫ್.ಐ.ಆರ್.’ ಎನ್ನುವರು. ಗಣಕಯಂತ್ರ ಅಥವಾ ಫೋನಿನ ಮೂಲಕ ದೂರು ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು.

ತನಿಖೆಯೆಂದರೇನು?

ಪತ್ತೇದಾರಿ ಕಾದಂಬರಿಗಳನ್ನು ಓದಿದವರು ತನಿಖೆಯೆಂದರೆ ವೇಷ ಮರೆಸಿಕೊಂಡು ತಿರುಗುವುದು, ಕಡೆಯ ಪುಟದಲ್ಲಿ ಕೊಲೆಗಾರನನ್ನು ಬೆರಳಿಟ್ಟು ತೋರಿಸುವುದು ಎಂದುಕೊಂಡಿರುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಾವೂ ಹಿಂದೆ ಸಂತೋಷದಿಂದ ಓದಿದವರೇ. ನಿಜವಾದ ತನಿಖೆಯಾದರೋ ಬಹುಮಟ್ಟಿಗೆ ಬರೆಯುವ ಕೆಲಸ. ಸ್ಥಳಕ್ಕೆ ಹೋಗುವುದು, ನೋಡುವುದು, ಅಳೆಯುವುದು, ನಕ್ಷೆ ಬರೆಯುವುದು, ಸಿಕ್ಕ ವಸ್ತುವನ್ನು ಪಂಚರ ಎದುರಿನಲ್ಲಿ ಕಟ್ಟಿ ಮೊಹರು ಮಾಡುವುದು, ನೋಡಿದವರ ಹೇಳಿಕೆ ಬರೆಯುವುದು, ದಿನದಿನದ ದಿನಚರಿ ಇಡುವುದು, ಇವೇ ಅದರ ಅಂಗಗಳು. ಶೋಧನೆ ಮತ್ತು ಜಪ್ತಿಯನ್ನು ಈಗ ಚಿತ್ರವೂ ಧ್ವನಿಯೂ ಕೂಡಿದಂತೆ ಮುದ್ರಿಸಿ ದಂಡಾಧಿಕಾರಿಗೆ ಕಳುಹಿಸಬೇಕೆಂದು ಹೊಸ ಕಾನೂನು ಹೇಳುತ್ತದೆ. ಏಳು ವರ್ಷ ಅಥವಾ ಅದಕ್ಕೂ ಮೀರಿದ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಕುರುಹುಗಳನ್ನು ಸಂಗ್ರಹಿಸಬೇಕೆಂಬ ನಿಯಮವನ್ನೂ ಮಾಡಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿ ಕೊಟ್ಟಿದೆ.

ಪೊಲೀಸರ ಮುಂದೆ ಆಪಾದಿತನು ಒಪ್ಪಿಕೊಂಡ ತಪ್ಪೊಪ್ಪಿಗೆಯು ಅವನ ವಿರುದ್ಧ ರುಜುವಾತಾಗಲಾರದು. ಹೊಡೆದು ಬಾಯಿಬಿಡಿಸುವ ದಾರಿಯನ್ನು ಮುಚ್ಚುವುದಕ್ಕಾಗಿಯೇ ಹಿಂದಿನಿಂದ ಬಂದಿರುವ ಕಟ್ಟು ಇದು. ಅವನ ಮಾತಿನ ಮೇಲಿಂದ ಹೊಸದಾಗಿ ವಸ್ತುವೊಂದು ಸಿಕ್ಕರೆ, ಆ ವಸ್ತುವಿಗೆ ಸಂಬಂಧಿಸಿದಷ್ಟು ಮಾತನ್ನು ಮಾತ್ರ ನ್ಯಾಯಾಲಯವು ನೋಡುತ್ತದೆ. ಬಂಧಿಸಿದವನನ್ನು ಪ್ರಯಾಣದ ಹೊತ್ತನ್ನು ಬಿಟ್ಟು 24 ತಾಸುಗಳೊಳಗೆ ದಂಡಾಧಿಕಾರಿಯ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ 22ನೆಯ ಅನುಚ್ಛೇದವೇ ಹೇಳುತ್ತದೆ. ಅಪರಾಧದ ತೂಕಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ತನಿಖೆ ಮುಗಿಯದಿದ್ದರೆ ಜಾಮೀನು ಪಡೆಯುವ ಹಕ್ಕು ಅವನಿಗೆ ಬರುತ್ತದೆ. ತನಿಖೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನೊಂದವರಿಗೆ 90 ದಿನಗಳೊಳಗೆ ತಿಳಿಸಬೇಕಾದುದೂ ಈಗ ಪೊಲೀಸರ ಕರ್ತವ್ಯ.

ಇಂದಿನ ಅಪರಾಧವು ಎಷ್ಟು ವೇಗದಲ್ಲಿ ಗಡಿ ದಾಟುತ್ತದೆಂಬುದಕ್ಕೆ ಬೀದರ ನಗರವೇ ಉದಾಹರಣೆ. 2025ರ ಜನವರಿ 16ರಂದು ಹಾಡಹಗಲಿನಲ್ಲಿ, ಬ್ಯಾಂಕಿನ ಎದುರಿಗೆ, ಎ.ಟಿ.ಎಂ.ಗಳಿಗೆ ತುಂಬುವ ಹಣದ ವಾಹನದ ಸಿಬ್ಬಂದಿಯ ಮೇಲೆ ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ ಹಣದ ಪೆಟ್ಟಿಗೆಯನ್ನು ಒಯ್ದರು. ಸಿಬ್ಬಂದಿಯವರಲ್ಲಿ ಒಬ್ಬರು ಮಡಿದರು, ಇನ್ನೊಬ್ಬರು ಗಾಯಗೊಂಡರು. ಅಂದು ಸಂಜೆಯೇ ಹೈದರಾಬಾದಿನ ಅಫಜಲಗಂಜಿನಲ್ಲಿ ಮತ್ತೆ ಗುಂಡಿನ ಸದ್ದಾಯಿತು. ಎರಡು ರಾಜ್ಯಗಳ ಪೊಲೀಸರು ಅದನ್ನು ಒಂದೇ ಎಳೆಯಾಗಿ ಹಿಡಿದು ತನಿಖೆ ಮಾಡಬೇಕಾಯಿತು. ಇಂತಹದರಲ್ಲಿ ಗುಂಡಿನ ತೋಟೆ, ಅಂಗಡಿಯ ಕ್ಯಾಮೆರಾದ ಚಿತ್ರ, ಫೋನಿನ ದಾಖಲೆ ಇವು ಮಾತಾಡಬೇಕು. ಅವುಗಳನ್ನು ಕೆಡದಂತೆ ಕಾಪಾಡಿ ನ್ಯಾಯಾಲಯದವರೆಗೆ ಒಯ್ಯುವವನೇ ತನಿಖಾಧಿಕಾರಿ.

ಚಾರುದತ್ತನ ನೆನಪು

ವಸ್ತುಗಳೂ ಕೆಲವೊಮ್ಮೆ ಮೋಸ ಮಾಡುತ್ತವೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಒಂಬತ್ತನೆಯ ಅಂಕವನ್ನು ಪಾಠ ಹೇಳುವಾಗಲೆಲ್ಲ ನಾವು ವಿದ್ಯಾರ್ಥಿಗಳಿಗೆ ಇದನ್ನೇ ತೋರಿಸುತ್ತಿದ್ದೆವು. ರಾಜನ ಭಾವಮೈದುನನಾದ ಶಕಾರನು ತಾನೇ ವಸಂತಸೇನೆಯ ಕುತ್ತಿಗೆ ಹಿಸುಕಿ, ಸತ್ತಳೆಂದು ನಂಬಿ, ಒಡವೆಯ ಆಸೆಗಾಗಿ ಚಾರುದತ್ತನು ಅವಳನ್ನು ಕೊಂದನೆಂದು ನ್ಯಾಯಸಭೆಗೆ ದೂರು ತರುತ್ತಾನೆ. ಅವಳು ಚಾರುದತ್ತನ ಮನೆಗೆ ಹೋದಳೆಂದು ಅವಳ ತಾಯಿ ಹೇಳುತ್ತಾಳೆ. ತೋಟಕ್ಕೆ ಹೋಗಿ ಬಂದ ಕಾವಲುಗಾರನು ಅಲ್ಲಿ ಹೆಂಗಸೊಬ್ಬಳ ಕಳೇಬರವನ್ನು ಮೃಗಗಳು ತಿನ್ನುತ್ತಿದ್ದವೆನ್ನುತ್ತಾನೆ. ಅಷ್ಟರಲ್ಲಿ ಗೆಳೆಯ ಮೈತ್ರೇಯನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ಸಭೆಯ ನಡುವೆ ಬೀಳುತ್ತವೆ! ಒಂದೊಂದು ಮಾತೂ ನಿಜ; ಕೂಡಿಸಿದ ಅರ್ಥ ಮಾತ್ರ ಸುಳ್ಳು. ಆ ಕಳೇಬರವು ಯಾರದೆಂದು ಗುರುತಿಸಿದವರಿಲ್ಲ. ಒಡವೆಗಳು ಮೈತ್ರೇಯನ ಕೈಗೆ ಹೇಗೆ ಬಂದವೆಂದು ಶೋಧಿಸಿದವರಿಲ್ಲ. ವಸಂತಸೇನೆಯು ಬದುಕಿ, ವಧ್ಯಸ್ಥಾನಕ್ಕೆ ಓಡಿಬರದಿದ್ದರೆ ನಿರಪರಾಧಿಯ ತಲೆ ಹೋಗುತ್ತಿತ್ತು. ನಾಟಕದಲ್ಲಿ ಕವಿಯು ಆಕೆಯನ್ನು ಸಕಾಲಕ್ಕೆ ಕರೆತಂದನು. ಮುರ್ಕಿಯಲ್ಲಿ ಯಾರೂ ಸಕಾಲಕ್ಕೆ ಬರಲಿಲ್ಲ.

ನ್ಯಾಯಾಲಯದಲ್ಲಿ

ತನಿಖೆ ಮುಗಿದ ಮೇಲೆ ಅಧಿಕಾರಿಯು ತನ್ನ ವರದಿಯನ್ನು, ಎಂದರೆ ದೋಷಾರೋಪ ಪಟ್ಟಿಯನ್ನು, ದಂಡಾಧಿಕಾರಿಗೆ ಒಪ್ಪಿಸುತ್ತಾನೆ. ಕೊಲೆಯಂತಹ ಭಾರಿ ಮೊಕದ್ದಮೆಗಳು ಅಲ್ಲಿಂದ ಸತ್ರ ನ್ಯಾಯಾಲಯಕ್ಕೆ ಹೋಗುತ್ತವೆ. ನೊಂದವರ ಪರವಾಗಿ ಸರಕಾರದ ಅಭಿಯೋಜಕನೇ ಮೊಕದ್ದಮೆ ನಡೆಯಿಸುತ್ತಾನೆ. ಅದಕ್ಕಾಗಿ ಅವರು ವಕೀಲರಿಗೆ ಹಣ ಕೊಡಬೇಕಾದುದಿಲ್ಲ. ಆಪಾದಿತನು ನಿರಪರಾಧಿಯೆಂದೇ ಎಣಿಸಿ ವಿಚಾರಣೆ ಆರಂಭವಾಗುತ್ತದೆ. ಸಕಾರಣವಾದ ಸಂದೇಹಕ್ಕೆ ಎಡೆಯಿಲ್ಲದಂತೆ ಅಪರಾಧವನ್ನು ಸಾಧಿಸುವ ಹೊರೆಯು ಸರಕಾರದ ಮೇಲಿದೆ. ಸಾಕ್ಷಿಗಳನ್ನು ಮೊದಲು ಕರೆದವರು ವಿಚಾರಿಸುತ್ತಾರೆ. ಬಳಿಕ ಎದುರು ಪಕ್ಷದವರು ಪಾಟೀಸವಾಲು ಮಾಡುತ್ತಾರೆ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಬೆರೆತಿರುವ ನಮ್ಮ ಸೀಮೆಯಲ್ಲಿ ಇನ್ನೊಂದು ನಿಯಮವು ನೆನಪಿರಲಿ: ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ನ್ಯಾಯಾಲಯದಲ್ಲಿಯೇ ತಿಳಿಯಹೇಳಬೇಕು. ಸತ್ರ ನ್ಯಾಯಾಲಯದಲ್ಲಿ ವಾದಗಳು ಮುಗಿದ ಮೇಲೆ 30 ದಿನಗಳಲ್ಲಿ, ಕಾರಣವಿದ್ದರೆ 45 ದಿನಗಳಲ್ಲಿ, ತೀರ್ಪಾಗಬೇಕೆಂದು ಹೊಸ ಸಂಹಿತೆಯು ಗಡುವಿಟ್ಟಿದೆ. ಮೇಲ್ಮನವಿಗಾಗಿ ಹಿಂದೆ ಬೆಂಗಳೂರಿಗೇ ಹೋಗಬೇಕಾಗಿತ್ತು. 2008ರಲ್ಲಿ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾಗಿ 2013ರಲ್ಲಿ ಕಾಯಂ ಆದುದರಿಂದ ನಮ್ಮವರ ಪ್ರಯಾಣದ ಕಷ್ಟವು ಬಹಳ ಕಡಿಮೆಯಾಗಿದೆ.

ತನಿಖೆಯ ಉದ್ಯೋಗ

ಈಗ ತರುಣರಿಗೆ ಕೆಲವು ಮಾತು. ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ. ತೇರ್ಗಡೆಯಾಗಿರಬೇಕು, ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿ ಬೇಕು. ಡೆಪ್ಯುಟಿ ಸೂಪರಿಂಟೆಂಡೆಂಟ್ ಹುದ್ದೆಗೆ ರಾಜ್ಯದ ಲೋಕಸೇವಾ ಆಯೋಗದ ಪರೀಕ್ಷೆಯೂ, ಐ.ಪಿ.ಎಸ್.ಗೆ ಕೇಂದ್ರದ ಆಯೋಗದ ಪರೀಕ್ಷೆಯೂ ದಾರಿ. ಸಂವಿಧಾನದ 371(ಜೆ) ಅನುಚ್ಛೇದದ ಮೇರೆಗೆ ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಹುದ್ದೆಗಳಲ್ಲಿ ಮೀಸಲಾತಿಯುಂಟು. ಸ್ಥಳೀಯರೆಂಬ ಅರ್ಹತಾ ಪತ್ರವನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಲೇಸು. ನೇಮಕವಾದವರಿಗೆ ಶಿಕ್ಷಣ ಕೊಡುವ ಮೈಸೂರಿನ ಪೊಲೀಸ್ ಅಕಾಡೆಮಿ ಪ್ರಸಿದ್ಧವಾದುದು. ಕಲಬುರಗಿ ಬಳಿಯ ನಾಗನಹಳ್ಳಿಯಲ್ಲಿಯೂ ತರಬೇತಿ ಕಾಲೇಜು ಇದೆ. ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ಪ್ರಬಂಧ, ಸಾರಲೇಖನ, ಭಾಷಾಂತರಗಳ ಪತ್ರಿಕೆಯೊಂದು ಇರುವುದನ್ನು ತಿಳಿದಾಗ ನಿವೃತ್ತ ಉಪಾಧ್ಯಾಯರಾದ ನಮಗೆ ಪರಮ ಸಂತೋಷವಾಯಿತು. ಓಟ, ಜಿಗಿತಗಳಷ್ಟೇ ಬರಹವೂ ಈ ಉದ್ಯೋಗಕ್ಕೆ ಅವಶ್ಯ. ನಾಲ್ಕು ಸಾಲನ್ನು ಸಂದಿಗ್ಧವಿಲ್ಲದೆ ಬರೆಯಲಾರದವನ ಕೈಯಲ್ಲಿ ಮಹಜರು ಸಿಕ್ಕರೆ ಒಳ್ಳೆಯ ಮೊಕದ್ದಮೆಯೂ ಬಿದ್ದುಹೋಗುತ್ತದೆ.

ಸಮವಸ್ತ್ರ ಧರಿಸದೆಯೂ ಈ ಕಾರ್ಯದಲ್ಲಿ ಪಾಲುಗೊಳ್ಳಬಹುದು. ರಸಾಯನಶಾಸ್ತ್ರ, ಜೀವಶಾಸ್ತ್ರ, ವಿಧಿವಿಜ್ಞಾನ ಓದಿದವರಿಗೆ ಬೆಂಗಳೂರು, ಕಲಬುರಗಿ ಮೊದಲಾದೆಡೆಗಳ ವಿಧಿವಿಜ್ಞಾನ ಪ್ರಯೋಗಾಲಯಗಳಿವೆ. 2020ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆಯೊಂದು ಧಾರವಾಡದಲ್ಲಿದೆ. ಈ ಶಾಸ್ತ್ರದಲ್ಲಿ ನಮ್ಮ ದೇಶದವರ ಪಾಲು ಸಣ್ಣದಲ್ಲ: ಜಗತ್ತಿನ ಮೊದಲ ಬೆರಳಚ್ಚು ಕಚೇರಿಯು 1897ರಲ್ಲಿ ಕಲಕತ್ತೆಯಲ್ಲಿ ತೆರೆಯಿತು, ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರರೇ ಆ ವಿಂಗಡಣೆಯ ಕ್ರಮವನ್ನು ರೂಪಿಸುವುದರಲ್ಲಿ ಮುಖ್ಯರಾದರು. ಕಾನೂನು ಓದಿದವರು ಅಭಿಯೋಜಕರಾಗಬಹುದು. ವಕೀಲಿಯ ಅನುಭವ ಪಡೆದು ನ್ಯಾಯಾಧೀಶರ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯನೂ, ಗಣಕಯಂತ್ರದ ದಾಖಲೆಗಳನ್ನು ಪರೀಕ್ಷಿಸುವ ತಜ್ಞನೂ ತನಿಖೆಯ ಅಂಗಗಳೇ. ಲೈಂಗಿಕ ಅಪರಾಧಗಳಲ್ಲಿ ನೊಂದ ಹೆಣ್ಣಿನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂಬ ನಿಯಮವಿರುವುದರಿಂದ, ಹೆಣ್ಣುಮಕ್ಕಳು ಈ ಇಲಾಖೆಗೆ ಹೆಚ್ಚಾಗಿ ಬರುವುದು ಎಲ್ಲ ಹೆಣ್ಣುಮಕ್ಕಳಿಗೂ ಉಪಕಾರ. ತಂದೆತಾಯಿಗಳು ಅಡ್ಡಿಯಾಗಬಾರದು.

ಇಲ್ಲಿಯೇ ಕಹಿಯಾದ ಸಂಗತಿಯೊಂದನ್ನು ಹೇಳದೆ ವಿಧಿಯಿಲ್ಲ. 2021ರ ಅಕ್ಟೋಬರ್ 3ರಂದು 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಭಾರಿ ಅಕ್ರಮವಾಗಿತ್ತೆಂಬ ಆರೋಪ ಮರುವರ್ಷ ಬಯಲಿಗೆ ಬಂದಿತು. ನಮ್ಮ ನೆರೆಯ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದಲೇ ಎಳೆ ಬಿಚ್ಚಿತು. ಅಭ್ಯರ್ಥಿಯ ಬಳಿಯಲ್ಲಿದ್ದ ಪ್ರತಿಯನ್ನೂ ಇಲಾಖೆಯಲ್ಲಿದ್ದ ಮೂಲ ಉತ್ತರಪತ್ರಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅವನು ಬಿಟ್ಟಿದ್ದ ಉತ್ತರಗಳು ಮೂಲದಲ್ಲಿ ತುಂಬಿದ್ದವು! ಸಿ.ಐ.ಡಿ. ತನಿಖೆ ನಡೆದು ಅನೇಕರು ಸೆರೆಯಾದರು. 2022ರ ಏಪ್ರಿಲಿನಲ್ಲಿ ಪರೀಕ್ಷೆಯು ರದ್ದಾಯಿತು. ಉಚ್ಚ ನ್ಯಾಯಾಲಯವು 2023ರ ನವೆಂಬರಿನಲ್ಲಿ ಮರುಪರೀಕ್ಷೆಯನ್ನು ಎತ್ತಿಹಿಡಿದ ಮೇಲೆ, 2024ರ ಜನವರಿ 23ರಂದು ಬೇರೊಂದು ಪ್ರಾಧಿಕಾರದಿಂದ ಅದು ನಡೆಯಿತು. ಪ್ರಾಮಾಣಿಕವಾಗಿ ಓದಿ ಬರೆದ ಬಡವರ ಮಕ್ಕಳ ಎರಡು ವರ್ಷಕ್ಕೂ ಮೀರಿದ ಆಯುಸ್ಸು ಇದರಲ್ಲಿ ಹೋಯಿತು. ಹಣ ಕೊಟ್ಟು ಹುದ್ದೆ ಕೊಂಡವನು ನಾಳೆ ಪಂಚನಾಮೆಯನ್ನೂ ಮಾರದೆ ಇರುವನೆ? ಹೊಲ ಮಾರಿಯಾದರೂ ನೌಕರಿ ಕೊಡಿಸುತ್ತೇವೆನ್ನುವ ತಂದೆಯರು ಇದನ್ನು ಯೋಚಿಸಬೇಕು.

ಗೃಹಸ್ಥರ ಕರ್ತವ್ಯ

ಶಾಲೆಯಲ್ಲಿದ್ದಾಗ ನಾವು ಮಕ್ಕಳಿಗೆ ಒಂದು ಅಭ್ಯಾಸ ಕೊಡುತ್ತಿದ್ದೆವು. ಅಂಗಳದಲ್ಲಿ ನಡೆದ ಸಣ್ಣ ಜಗಳವೊಂದನ್ನು ಬರೆಯಿರೆಂದರೆ ಹತ್ತು ಹುಡುಗರು ಹತ್ತು ಕಥೆ ಬರೆಯುತ್ತಿದ್ದರು. ‘ನೀನು ಕಂಡದ್ದರ ಕೆಳಗೆ ಒಂದು ಗೆರೆ, ಕೇಳಿದ್ದರ ಕೆಳಗೆ ಎರಡು ಗೆರೆ, ಊಹಿಸಿದ್ದರ ಕೆಳಗೆ ಮೂರು ಗೆರೆ ಎಳೆ’ ಎಂದ ಮೇಲೆ ಒಂದೇ ಗೆರೆಯ ಸಾಲುಗಳು ಮೂರೋ ನಾಲ್ಕೋ ಉಳಿಯುತ್ತಿದ್ದವು. ಆ ಮೂರು ಸಾಲು ಹತ್ತು ಹುಡುಗರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತಿದ್ದವು. ಮನೆಯಲ್ಲಿ ಈ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಫೋನಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಸಾಗಿಸುವ ಮೊದಲು ಅದಕ್ಕೆ ಎಷ್ಟು ಗೆರೆ ಎಂದು ಮನಸ್ಸಿನಲ್ಲಿ ಕೇಳಿಕೊಂಡರೆ ಸಾಕು.

ಅಪರಾಧ ನಡೆದ ಸ್ಥಳದಲ್ಲಿ ಗುಂಪು ಕೂಡಬಾರದು, ವಸ್ತುಗಳನ್ನು ಮುಟ್ಟಬಾರದು. ಕಳವಾದ ಮನೆಯನ್ನು ಗುಡಿಸಿ ಸಾರಿಸಿ ಬಳಿಕ ಪೊಲೀಸರನ್ನು ಕರೆಯುವವರು ಕಳ್ಳನಿಗೇ ಸಹಾಯ ಮಾಡಿದಂತೆ. ಆಪತ್ತಿಗೆ 112, ಗಣಕ ಜಾಲದ ವಂಚನೆಗೆ 1930, ಕಾನೂನಿನ ನೆರವಿಗೆ 15100 ಎಂಬ ಸಂಖ್ಯೆಗಳನ್ನು ಅಡಿಗೆಮನೆಯ ಗೋಡೆಗೆ ಬರೆದಿಡಿರಿ. ಸ್ತ್ರೀಯರು, ಮಕ್ಕಳು, ಪರಿಶಿಷ್ಟರು ಹಾಗೂ ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಾಕ್ಷಿ ಹೇಳಲು ಠಾಣೆಗೆ ಹೋಗಬೇಕಾದೀತೆಂಬ ಭಯವೂ ಬೇಡ. ಸ್ತ್ರೀಯರನ್ನು, 15 ವರ್ಷದೊಳಗಿನ ಹುಡುಗರನ್ನು, 60 ವರ್ಷ ಮೀರಿದ ವೃದ್ಧರನ್ನು ಅವರ ಮನೆಯಲ್ಲಿಯೇ ವಿಚಾರಿಸಬೇಕಾದುದು ನಿಯಮ. ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಹಿ ಹಾಕಬೇಕಾದುದಿಲ್ಲ. ಜೀವಭಯವಿದ್ದರೆ ರಕ್ಷಣೆ ಕೇಳುವ ವ್ಯವಸ್ಥೆಯೂ 2018ರಿಂದ ಇದೆ.

ಮುರ್ಕಿಯಲ್ಲಿ ಕೇಳಿದವರು ನೂರಾರು ಮಂದಿ ಮುನ್ನುಗ್ಗಿದರು; ನ್ಯಾಯಾಲಯದ ಕಟಕಟೆಗೆ ಕಂಡವರು ಒಬ್ಬಿಬ್ಬರು ಬರಲೂ ಹಿಂಜರಿಯುತ್ತಾರೆ. ಈ ಎರಡೂ ಒಂದೇ ರೋಗದ ಎರಡು ಲಕ್ಷಣಗಳೆಂದು ನಮ್ಮ ಅಭಿಪ್ರಾಯ. ಕೇಳಿದ್ದಕ್ಕೆ ಕೈಯೆತ್ತದೆ, ಕಂಡದ್ದಕ್ಕೆ ಬಾಯಿ ಮುಚ್ಚದೆ ಇರುವುದನ್ನು ಮಕ್ಕಳಿಗೆ ಕಲಿಸುವ ಮನೆಯಿಂದಲೇ ಒಳ್ಳೆಯ ಸಾಕ್ಷಿಯೂ ಒಳ್ಳೆಯ ತನಿಖಾಧಿಕಾರಿಯೂ ಹುಟ್ಟಬೇಕು. ನಮ್ಮ ಬೀದರ, ಭಾಲ್ಕಿ, ಔರಾದಗಳಲ್ಲಿ ಅಂತಹ ಮನೆಗಳು ಹೆಚ್ಚಲೆಂದು ಹಾರೈಸಿ ವಿರಮಿಸುತ್ತೇವೆ.